ಎರಡು ಗ್ರಾಮಿನ ಫ್ಲಾಸ್ಕು

ಸಿರುಗುಪ್ಪ ಬಯಲು
ನೆತ್ತರಭತ್ತದ ನಾನೂರ ಹನ್ನೊಂದನೇ ಕೊಯ್ಲು, ಫೆಬ್ರವರಿ ಮೂವತ್ತು

ಹೆಸರು ಗೊತ್ತಿಲ್ಲದ ಪ್ರಯೋಗಾಲಯದವರಿಗೆ,

ತಾರೀಖು ನೋಡಿ ನಗಬೇಡಿ, ನಿಮ್ಮ ಕಾಲಕ್ಕಿಂತ ನೂರಾರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ. ನಮ್ಮ ವರ್ಷ ಕೊಯ್ಲಿನ ಲೆಕ್ಕದ್ದು, ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೇ. ನನ್ನ ಹೆಸರು ಹುಲಿಗೆಮ್ಮ. ಇಲ್ಲಿನ ಔಷಧಾಲಯದಲ್ಲಿ ರಕ್ತ ಪರೀಕ್ಷಿಸಿ ಔಷಧಿ ಅಳೆದು ಕೊಡುವವಳು.

ನೆತ್ತರಭತ್ತವೆಂದರೆ ಮನುಷ್ಯರ ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನನ್ನು ಕಾಳಿನಲ್ಲಿ ತುಂಬಿಕೊಳ್ಳುವ ಭತ್ತ. ಕಣ್ಣು ಹಾಯುವಷ್ಟು ದೂರ ಈಗ ಅದೇ ಬೆಳೆ. ಕಾಳೆಲ್ಲ ಪ್ರಯೋಗಾಲಯಗಳಿಗೆ ಹೋಗುತ್ತದೆ. ಅದರಿಂದ ಗಾಜಿನ ತಟ್ಟೆಯ ಜೀವಕೋಶಗಳು ದುಂಡಗೆ ಬೆಳೆಯುತ್ತವೆ, ಲಸಿಕೆಗಳು ಕೆಡದೆ ಉಳಿಯುತ್ತವೆ. ಬೆಳೆಯುವ ನಮಗೆ ಮಾತ್ರ ಪ್ರೋಟೀನು ತೆಗೆದುಳಿದ ಗಂಜಿಪುಡಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅಂಥ ಬೆಳೆ. ನಮ್ಮ ರಕ್ತದಲ್ಲಿ ಅಲ್ಬುಮಿನ್ ಅರ್ಧಕ್ಕರ್ಧ ಕಡಿಮೆ, ಕಾಲುಗಳು ಊದಿಕೊಳ್ಳುತ್ತವೆ. ಗದ್ದೆಗಿಳಿಯುವ ಮುಂಚೆ ಹೆಂಗಸರು ಒಬ್ಬರ ಕಾಲನ್ನು ಒಬ್ಬರು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಇಪ್ಪತ್ತು ಎಣಿಸಿದರೂ ಕುಳಿ ತುಂಬದವಳನ್ನು ಆ ದಿನ ಬದುವಿನ ಮೇಲೆ ಕೂರಿಸುತ್ತಾರೆ.

ನನ್ನ ತಂಗಿ ದ್ಯಾವಮ್ಮನಿಗೆ ಫಿಟ್ಸ್ ಬರುತ್ತಿತ್ತು. ಔಷಧಿ ಕೊಟ್ಟೆ. ಹತ್ತನೇ ದಿನ ರಕ್ತ ತೆಗೆದು, ಅದರಲ್ಲಿ ಔಷಧಿ ಎಷ್ಟಿದೆಯೆಂದು ನಿಮ್ಮ ಕಾಲದ ಕೋಷ್ಟಕಕ್ಕೆ ಹೋಲಿಸಿ ನೋಡಿದೆ. ಕಡಿಮೆ ಎಂದಿತು. ಹೆಚ್ಚಿಸಿದೆ. “ಅಕ್ಕಾ, ನೆಲ ತೂಗಾಡಾಕ ಹತ್ತೈತಿ, ನೀ ಇಬ್ಬರಾಗಿ ಕಾಣ್ತಿ” ಅಂದಳು. ಮತ್ತೆ ನೋಡಿದರೆ ಮತ್ತೆ ಕಡಿಮೆ. ತಂಗಿಯನ್ನು ಬಿಟ್ಟು ಕೋಷ್ಟಕವನ್ನು ನಂಬಿದೆ, ಇನ್ನಷ್ಟು ಕೊಟ್ಟೆ. ಅದಾದ ಐದನೇ ದಿನ ಕಾಲುವೆ ದಂಡೆಯಲ್ಲಿ ಹೆಜ್ಜೆ ತಪ್ಪಿ ನೀರಿಗೆ ಬಿದ್ದಳು. ಎತ್ತುವಷ್ಟರಲ್ಲಿ ಮುಗಿದುಹೋಗಿತ್ತು.

ಕೋಷ್ಟಕದ ಮೂಲ ಹುಡುಕಿದಾಗ ನಿಮ್ಮ ಕೈಬರಹದ ಪುಸ್ತಕ ಸಿಕ್ಕಿತು. ಅಲ್ಬುಮಿನ್ ಔಷಧಿಯನ್ನು ಹೊರುವ ಗಾಡಿ. ಗಾಡಿಯಲ್ಲಿ ಕೂತ ಔಷಧಿ ಸುಮ್ಮನಿರುತ್ತದೆ, ಇಳಿದದ್ದು ಮಾತ್ರ ಕೆಲಸ ಮಾಡುತ್ತದೆ. ಗಾಡಿಗಳು ಕಡಿಮೆಯಿರುವ ಮೈಯಲ್ಲಿ ಒಟ್ಟು ಔಷಧಿ ಕಡಿಮೆ ಕಂಡರೂ ಇಳಿದು ತಿರುಗುವುದು ಹೆಚ್ಚಿರಬಹುದು. ನೀವು ನೂರು ಮಿಲಿಲೀಟರಿಗೆ ನಾಲ್ಕು ಗ್ರಾಂ ಅಲ್ಬುಮಿನ್ ಕರಗಿಸಿ, ಅದರಲ್ಲಿ ಔಷಧಿ ಎಷ್ಟು ಇಳಿಯುತ್ತದೆಂದು ಅಳೆದಿದ್ದೀರಿ. ಹೊಟ್ಟೆ ತುಂಬ ಉಂಡವರ ರಕ್ತ ಅದು, ನಮ್ಮದು ಎರಡು ಗ್ರಾಮಿನದು. ಅಲ್ಬುಮಿನ್ ಬಾಟಲಿಯ ಮೇಲೆ ‘ಮಾನವ’ ಎಂದಿತ್ತು, ನಿಮಗೆ ಅಷ್ಟು ಸಾಕಾಯಿತು. ಕೆಳಗೆ ಬರೆದಿದ್ದೀರಿ: ‘ಎರಡು ಗ್ರಾಮಿನ ಫ್ಲಾಸ್ಕು ಮಾಡಲಿಲ್ಲ. ಶನಿವಾರ.’ ಶನಿವಾರವಂತೆ! ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಈಗ ಅವಳ ಮಗಳು ನಿಂಗಿಗೂ ಫಿಟ್ಸ್ ಶುರುವಾಗಿದೆ. ಕಡಿಮೆ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ, ಹೆಚ್ಚಾದರೆ ತಾಯಿಯ ದಾರಿ. ಇಂಥ ಮೈಗೆ ಎಷ್ಟು ಸರಿ ಎಂದು ಯಾರೂ ಅಳೆದಿಲ್ಲ. ನಾನೇ ಅಳೆಯೋಣವೆಂದರೆ, ಬೆಳೆದ ಕೈಗೆ ಒಂದು ಚಮಚ ಅಲ್ಬುಮಿನ್ ಕೊಡುವವರಿಲ್ಲ. ಆ ಶನಿವಾರ ನಿಮಗಿನ್ನೂ ಮುಗಿದಿರದಿದ್ದರೆ, ಬ್ಯಾಗು ಹೆಗಲಿಗೇರಿಸುವ ಮುಂಚೆ ಎರಡು ಗ್ರಾಂ ಕರಗಿಸಿ, ಅಳೆದು, ಬಂದ ಅಂಕಿ ಬರೆದಿಡಿ. ಹುಡುಗಿ ಲೋಟ ಹಿಡಿದು ನನ್ನೆದುರು ನಿಂತಿದ್ದಾಳೆ. ಎಷ್ಟು ಹನಿ ಹಾಕಲಿ, ಹೇಳಿ.