ಕೇಳಿದರೆ ಗೈರು

ಪರೀಕ್ಷಾಂಗದ ಮಾನ್ಯ ಕುಲಸಚಿವರೇ,

ತಮ್ಮ ವಿಶ್ವವಿದ್ಯಾಲಯದ ದಾಖಲೆಯ ಪ್ರಕಾರ, ಕಳೆದ ತಿಂಗಳ ಎರಡನೇ ಬುಧವಾರ ಸವಣೂರಿನ ಪರೀಕ್ಷಾ ಕೋಣೆಯಲ್ಲಿ ಗುಲ್ನಾಜ ಎಂಬ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ ಇರಲಿಲ್ಲ. ನನ್ನ ಎರಡು ಕಣ್ಣುಗಳ ಪ್ರಕಾರ ಇದ್ದಳು. ನನ್ನಿಂದ ಆರು ಅಡಿ ದೂರದಲ್ಲಿ ನಿಂತು ಮಾತಾಡುತ್ತಿದ್ದಳು. ಆದರೂ ಅವಳು ಗೈರೆಂದು ದಾಖಲಾಯಿತು, ಅದೂ ನನ್ನ ಕೈಯಿಂದಲೇ. ಈ ಬಗ್ಗೆ ತಮಗೆ ಮೂರು ಅರ್ಜಿ ಕಳಿಸಿದೆ. ಮೂರಕ್ಕೂ "ನಿಮ್ಮ ಮನವಿಯನ್ನು ಸ್ವೀಕರಿಸಲಾಗಿದೆ" ಎಂದು ಯಂತ್ರವೇ ಉತ್ತರಿಸಿತು. ಯಂತ್ರದ ಮೇಲಿನ ದೂರನ್ನು ಯಂತ್ರವೇ ಸ್ವೀಕರಿಸುವುದಾದರೆ ಮನುಷ್ಯರು ಬೀದಿಯಲ್ಲೇ ಮಾತಾಡಬೇಕಾಗುತ್ತದೆ. ಆದ್ದರಿಂದ ಈ ಬಹಿರಂಗ ಪತ್ರ.

ನಾನು ಅಧ್ಯಾಪಕನಲ್ಲ. ಕನ್ನಡ ಮಾಧ್ಯಮದ ಪದವೀಧರ, ವಯಸ್ಸು ನಲವತ್ತಾರು, ಗುತ್ತಿಗೆಯ ನೌಕರ. ತಾವು ಹೊಸ ಮೌಲ್ಯಮಾಪನ ತಂದ ಮೇಲೆ ನಾಲ್ಕು ತಾಲ್ಲೂಕಿಗೆ ಒಂದು ಪ್ರೊಜೆಕ್ಟರ್ ಬಂತು, ಅದನ್ನು ಹೊರಲು ನಾನು ಬಂದೆ. ಸೋಮವಾರ ಹಾನಗಲ್ಲ, ಮಂಗಳವಾರ ಶಿಗ್ಗಾಂವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು, ಶುಕ್ರವಾರ ಬೆನ್ನುನೋವು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಡುವುದನ್ನು ಕಂಡ ಕಂಡಕ್ಟರ್ ಉಳಿವೆಪ್ಪ ದಿನವೂ ಕೇಳುತ್ತಾನೆ: "ಕೂಸಿಗೆ ಎಷ್ಟ ತಿಂಗಳಾತ್ರಿ? ಅರ್ಧ ಟಿಕೀಟ್ ಹರೀಲೇನು?" ಅವನಿಗೆ ನಾನು ಪ್ರಾಸದಲ್ಲೇ ಉತ್ತರ ಕೊಡುತ್ತೇನೆ; ಪ್ರಾಸ ಕಟ್ಟುವುದು ನನಗೆ ಕಾಲೇಜಿನಿಂದ ಅಂಟಿದ ಚಟ. ಆ ಚಟದಿಂದಲೂ ಒಂದು ಅನಾಹುತವಾಗಿದೆ, ಮುಂದೆ ಹೇಳುತ್ತೇನೆ.

ತಮ್ಮ ನಿಯಮವನ್ನು ಓದುಗರಿಗಾಗಿ ಹೇಳಿಬಿಡುತ್ತೇನೆ. ವಿದ್ಯಾರ್ಥಿ ಒಂದು ಸೆಮಿಸ್ಟರ್ ಓದಿ, ತಿರುಗಿ, ತಿಳಿದದ್ದನ್ನು ಹತ್ತು ಸ್ಲೈಡಿನಲ್ಲಿ ಹೇಳಬೇಕು. ಸ್ಲೈಡಿಗೆ ಹದಿನೆಂಟು ಸೆಕೆಂಡು, ಒಟ್ಟು ಮೂರು ನಿಮಿಷ. ಸ್ಲೈಡುಗಳು ತಾವಾಗಿಯೇ ಸರಿಯುತ್ತವೆ. ತಡೆಯುವ ಗುಂಡಿ ಇಲ್ಲ. ಮೂರು ನಿಮಿಷದೊಳಗೆ ವಿದ್ಯಾರ್ಥಿ "ಮುಗಿಯಿತು" ಎನ್ನಬೇಕು, ನಾನು ಕೀಲಿ ಒತ್ತಬೇಕು. ಒತ್ತಿದರೆ ಪರೀಕ್ಷಕರಿಗೆ ತಮ್ಮ ಪೋರ್ಟಲ್‌ನಲ್ಲಿ ಅಂಕದ ಚೌಕ ತೆರೆಯುತ್ತದೆ. ಒತ್ತದಿದ್ದರೆ ತೆರೆಯ ಮೇಲೆ ಕೆಂಪಕ್ಷರ: ಗೈರುಹಾಜರು. ಚುಟುಕಾಗಿ ಹೇಳುವುದು ವಿದ್ಯೆಯಲ್ಲವೇ ಎಂದು ತಾವು ಕೇಳಬಹುದು. ಖಂಡಿತ ವಿದ್ಯೆ. ಚುಟುಕಕ್ಕೆ ನಾನು ವಿರೋಧಿಯಾದರೆ ನನ್ನ ಪ್ರಾಸಗಳೇ ನನ್ನನ್ನು ಬಹಿಷ್ಕರಿಸುತ್ತವೆ. ಆದರೆ ಚುಟುಕಾಗಿ ಹೇಳಿದ್ದನ್ನಾದರೂ ಒಬ್ಬರು ಕೇಳಬೇಡವೇ? ನಾಲ್ಕು ತಿಂಗಳಲ್ಲಿ ಮುನ್ನೂರು ಮಕ್ಕಳನ್ನು ಕತ್ತಲೆಯಲ್ಲಿ ಕೂತು ನೋಡಿದೆ. ಪರೀಕ್ಷಕರ ಮುಖಗಳೂ ಬೆಳಗುತ್ತಿದ್ದವು, ಅವರವರ ಫೋನಿನ ಬೆಳಕಿನಿಂದ. ಒಮ್ಮೆ ನಾನು ತಪ್ಪಿ ಬೇರೊಬ್ಬನ ಕಡತ ತೆರೆದೆ. ಹುಡುಗ ಕೆರೆಗಳ ಬಗ್ಗೆ ಮಾತಾಡಿದ, ತೆರೆಯ ಮೇಲೆ ಬ್ಯಾಂಕುಗಳ ಇತಿಹಾಸ ಓಡಿತು. ಇಪ್ಪತ್ತೈದಕ್ಕೆ ಇಪ್ಪತ್ತಮೂರು ಬಂತು. ಸಮಯಕ್ಕೆ ಸರಿಯಾಗಿ ಮುಗಿಸಿದ್ದ.

ಗುಲ್ನಾಜಳ ವಿಷಯ ಸವಣೂರಿನ ವೀಳ್ಯದೆಲೆಯ ತೋಟ. ಐದನೇ ಸ್ಲೈಡಿನಲ್ಲಿ ಒಂದು ಮುದಿ ಕೈಯ ಚಿತ್ರ ಬಂತು. ಅವಳ ಅಜ್ಜಿ ಹಾಜರಾಬಿಯ ಕೈ. ಕಣ್ಣು ಮಂಜಾಗಿ ಆರು ವರ್ಷವಾದರೂ ಆಕೆ ಬರೀ ಬೆರಳಿನಿಂದ ಎಲೆ ವಿಂಗಡಿಸುತ್ತಾಳಂತೆ. ಆಗ ನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬ ಪರೀಕ್ಷಕರು ಫೋನನ್ನು ಬೋರಲು ಹಾಕಿದರು.

"ತಡಿ ತಂಗಿ. ಎಳೀ ಎಲಿ ಯಾವುದು, ಬಲತದ್ದು ಯಾವುದು, ಬೆರಳಿಗೆ ಹೆಂಗ ತಿಳೀತೈತಿ?"

"ನಾನೂ ಅದನ್ನ ಕೇಳಿದ್ನಿರಿ. ಅಜ್ಜಿ ಬಾಯಿಲೆ ಹೇಳ್ಲಿಲ್ಲ. ಕೈ ಹಿಡದು ಬಾಜೂಕ ಕುಂದ್ರಿಸಿಕೊಂಡ್ಲು. ಹನ್ನೊಂದ ದಿನ ಕುಂತೇನ್ರಿ."

ಅವಳು ಕೈಯಲ್ಲಿದ್ದ ಟಿಪ್ಪಣಿಯ ಚೀಟಿಯನ್ನು ಮೇಜಿನ ಮೇಲಿಟ್ಟು, ಗಾಳಿಯಲ್ಲಿ ಎಲೆಯೊಂದನ್ನು ಹಿಡಿದಂತೆ ಕೈ ಎತ್ತಿದಳು. ಬೆನ್ನ ಹಿಂದೆ ನಕಾಶೆ ಬಂತು, ಹೋಯಿತು. ಕೋಷ್ಟಕ ಬಂತು, ಹೋಯಿತು. ಅವಳು ತಿರುಗಿ ನೋಡಲಿಲ್ಲ. "ಈ ಬೆರಳು ತೊಟ್ಟಿನ ಮ್ಯಾಲ ಇಡಬೇಕ್ರಿ, ಆಮ್ಯಾಲ..." ಎನ್ನುವಾಗ ಅವಳ ತಲೆಯ ಮೇಲೆ "ಧನ್ಯವಾದಗಳು" ಎಂದು ಮೂಡಿತ್ತು. ನಂತರ ಕತ್ತಲೆ, ನಂತರ ಕೆಂಪಕ್ಷರ.

"ಶಂಭುಲಿಂಗ, ಹಿಂದಕ್ಕ ತಗೋರಿ," ಎಂದರು ಪರೀಕ್ಷಕರು.

"ಹಿಂದಕ್ಕ ಹೋಗೂದಿಲ್ರಿ."

"ಅಲ್ರೀ, ಅಕಿ ಇಲ್ಲೇ ನಿಂತಾಳಲ್ಲ."

"ಪೋರ್ಟಲ್‌ದಾಗ ಇಲ್ರಿ."

ಈಗ ನನ್ನ ತಪ್ಪೊಪ್ಪಿಗೆ. ವಿದ್ಯಾರ್ಥಿ "ಮುಗಿಯಿತು" ಎನ್ನಲು ಮರೆತರೂ ನಾನು ಎಷ್ಟೋ ಸಲ ಕೀಲಿ ಒತ್ತಿದ್ದೇನೆ. ಆ ದಿನವೂ ಬೆರಳು ಕೀಲಿಯ ಮೇಲೇ ಇತ್ತು. ಒತ್ತಲಿಲ್ಲ, ಯಾಕೆಂದರೆ ನಾನೂ ಕೇಳುತ್ತಾ ಕೂತಿದ್ದೆ. ಯಾರೂ ಕೇಳದ ಮುನ್ನೂರು ಮಕ್ಕಳು ಹಾಜರಾದರು. ಇಬ್ಬರು ಮನಸ್ಸಿಟ್ಟು ಕೇಳಿದ ಒಬ್ಬಳು ಗೈರಾದಳು. ಮಾನ್ಯರೇ, ಇದು ತಮ್ಮ ವ್ಯವಸ್ಥೆಯ ದೋಷವೋ, ಅದರ ಧ್ಯೇಯವೋ?

ಸುದ್ದಿ ನನ್ನ ಬಸ್ಸಿಗಿಂತ ಮೊದಲೇ ಊರು ಮುಟ್ಟಿತು. ಮರುದಿನ ಹಿರೇಕೆರೂರಿನಲ್ಲಿ ಪರೀಕ್ಷಕರು ಮಕ್ಕಳ ಹೆಸರು ಕೇಳಲೂ ಹೆದರಿದರು. ಸೋಮವಾರ ಹಾನಗಲ್ಲಿನಲ್ಲಿ ಸಂಪದಾ ಎಂಬ ಹುಡುಗಿ ಬಾಗಿಲಲ್ಲೇ ನನ್ನನ್ನು ತಡೆದಳು: "ಅಣ್ಣಾರ, ಒಳಗಿನ ಸರ್‌ಗೆ ಹೇಳ್ರಿ, ನನಗೇನೂ ಕೇಳಬ್ಯಾಡಂತ." ಬಸ್ಸಿನಲ್ಲಿ ಉಳಿವೆಪ್ಪನನ್ನು ನಗಿಸಲು ನಾನೊಂದು ಸಾಲು ಕಟ್ಟಿದ್ದೆ: "ಕೇಳಿದರೆ ಗೈರು, ಕೇಳದಿದ್ದರೆ ಪಾರು." ಎರಡು ವಾರದ ನಂತರ ಶಿಗ್ಗಾಂವಿಯಲ್ಲಿ ಸರದಿ ಕಾಯುತ್ತಿದ್ದ ಮಕ್ಕಳು ಅದನ್ನೇ ಮೆಲ್ಲಗೆ ಗುನುಗುತ್ತಿದ್ದರು. ನಗಿಸಲು ಕಟ್ಟಿದ ಸಾಲು. ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಇವರಲ್ಲಿ ಅರ್ಧಕ್ಕರ್ಧ ಜನ ನಾಳೆ ಶಿಕ್ಷಕರಾಗುತ್ತಾರೆ. ಕೊನೆಯ ಬೆಂಚಿನಿಂದ ಮಗುವೊಂದು ಪ್ರಶ್ನೆಗೆಂದು ಕೈ ಎತ್ತಿದಾಗ ಇವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಮಗುವಿನ ಮುಖಕ್ಕೋ, ಗಡಿಯಾರಕ್ಕೋ?

ಕಳೆದ ಬುಧವಾರ ಸವಣೂರಿನಲ್ಲಿ ಖಾರದ ತಿಂಡಿಯ ಅಂಗಡಿಯ ಮುಂದೆ ಗುಲ್ನಾಜ ಸಿಕ್ಕಳು. ಇದೇ ಇಪ್ಪತ್ತೆಂಟರೊಳಗೆ ಗೈರು ಅಳಿಸದಿದ್ದರೆ ಅವಳು ಅಂತಿಮ ಪರೀಕ್ಷೆಗೆ ಕೂಡುವಂತಿಲ್ಲ, ಬಿ.ಎಡ್. ಈ ವರ್ಷ ಕೈತಪ್ಪುತ್ತದೆ. ಕ್ಷಮೆ ಕೇಳಿದೆ. ತಲೆ ಆಡಿಸಿದಳು. ತಡೆಯಲಾರದೆ ಇನ್ನೊಂದನ್ನೂ ಕೇಳಿದೆ: "ತೊಟ್ಟಿನ ಮ್ಯಾಲ ಬೆರಳಿಟ್ಟ ಮ್ಯಾಲ, ಆಮ್ಯಾಲ ಏನವಾ?"

ಅವಳು ಕೈಯನ್ನು ಓಢಣಿಯೊಳಗೆ ಎಳೆದುಕೊಂಡಳು.

"ಬ್ಯಾಡ್ರಿ. ನೀವೂ ಕೇಳಬ್ಯಾಡ್ರಿ."

ನನ್ನ ಬೇಡಿಕೆ ಇಷ್ಟೇ. ಪರೀಕ್ಷಕರ ಮತ್ತು ನನ್ನ ಲಿಖಿತ ಹೇಳಿಕೆಗಳು ತಮ್ಮ ಕಚೇರಿಯಲ್ಲಿವೆ. ಇಪ್ಪತ್ತೆಂಟರೊಳಗೆ ಆ ಗೈರನ್ನು ಅಳಿಸಿ. ಪ್ರಶ್ನೆ ಕೇಳಿದಾಗ ಸಮಯ ನಿಲ್ಲಿಸುವ ಒಂದು ಗುಂಡಿ ಕೊಡಿ. ಮುಂದಿನ ಬುಧವಾರ ತಾವೇ ಸವಣೂರಿಗೆ ಬಂದು, ಅವಳನ್ನು ಕರೆಸಿ, ಎದುರಿಗೆ ಕೂತು, ಅರ್ಧಕ್ಕೆ ನಿಂತ ಆ ಪ್ರಶ್ನೆಯನ್ನು ಮತ್ತೆ ಕೇಳಿ. ಪ್ರೊಜೆಕ್ಟರ್ ಬಿಚ್ಚುವುದಿಲ್ಲ. ಕುರ್ಚಿ ನಾನು ಹಾಕುತ್ತೇನೆ.

ಅವಳು ಉತ್ತರಿಸುತ್ತಾಳೆಂದು ಮಾತ್ರ ಭರವಸೆ ಕೊಡಲಾರೆ.

ಇಂತಿ,
ಎದುರಿಗಿದ್ದವಳು ಗೈರಾದ ದಿನ ತನ್ನ ಹಾಜರಿಗೆ ತಪ್ಪದೆ ಸಹಿ ಹಾಕಿದ,
ಶಂಭುಲಿಂಗ
ಪ್ರೊಜೆಕ್ಟರ್ ಹೊರುವವ, ನಾಲ್ಕು ತಾಲ್ಲೂಕು