ಹಾಳೆಯಲ್ಲಿದ್ದ ಸಾಲು

ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನಿಮ್ಮ ಕಂಪ್ಯೂಟರಪ್ಪನ ನಮಸ್ಕಾರ. ನಿಮ್ಮನ್ನು ಕೆಲಸದಿಂದ ತೆಗೆದು ಐದು ತಿಂಗಳಾಯಿತು. ಇಷ್ಟು ದಿನ ಸುಮ್ಮನಿದ್ದುದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಮೂರು ಸಲ ಬರೆದು ಹರಿದೆ. ಮಂಡಿನೋವು ಹೇಗಿದೆ? ಭಾವ ಮೊದಲಿನಂತೆ ಮಾತಾಡುತ್ತಾರೆಯೇ, ಇಲ್ಲ ಇನ್ನೂ ಮಂಕಾಗಿಯೇ ಇದ್ದಾರೆಯೇ?

ಆಸ್ಪತ್ರೆ ಹಾಗೇ ಇದೆ. ನಿಮ್ಮ ವಾರ್ಡಿನ ಮೂಲೆ ಕಿಟಕಿಯ ಚಿಲಕ ಸರಿಮಾಡಿಸದೆ ಬ್ಯಾಂಡೇಜು ಬಟ್ಟೆಯಲ್ಲಿ ಕಟ್ಟಿದ್ದಾರೆ. ನಿಮ್ಮ ಜಾಗಕ್ಕೆ ಬಂದ ನರ್ಸ್ ಪಾಪದವಳು. ಸಿರಿಂಜು ಹಿಡಿಯುವ ಮೊದಲು ರೋಗಿಯ ಹೆಸರನ್ನು ಮೂರು ಸಲ ಕೇಳುತ್ತಾಳೆ. ನಿಮ್ಮ ಕಥೆ ಕೇಳಿಕೊಂಡೇ ಸೇರಿದವಳಲ್ಲವೇ.

ಹೋದ ಸೋಮವಾರ ಆ ಟೈಲರ್ ಹೆಂಗಸಿನ ಮಗಳು ನನ್ನ ಕಂಪ್ಯೂಟರ್ ಕೋಣೆಗೆ ಬಂದಳು. ಪ್ರಜ್ಞೆ ತಪ್ಪಿ ಬಂದು, ನೀವು ಇಂಜೆಕ್ಷನ್ ಕೊಟ್ಟ ಹತ್ತೇ ನಿಮಿಷಕ್ಕೆ ಉಸಿರು ನಿಂತ ಆ ತಾಯಿಯ ಮಗಳು. "ಅಮ್ಮನ ಹಾಳೆ ಎಲ್ಲಾ ಬೇಕು ಸಾರ್," ಎಂದಳು. ಪ್ರಿಂಟ್ ತೆಗೆದುಕೊಟ್ಟೆ. ನಿಂತಲ್ಲೇ ಓದಿದಳು. ನಾಲ್ಕನೆಯ ಹಾಳೆಯಲ್ಲಿ, ಒಂಬತ್ತು ವರ್ಷದ ಹಿಂದೆ, ನಮ್ಮದೇ ಡಾಕ್ಟರು ಬರೆದಿದ್ದರು: ಈ ಔಷಧಿ ಈಕೆಗೆ ಆಗದು, ಎಂದೂ ಕೊಡಕೂಡದು. ಅದರ ಮೇಲೆ ಬೆರಳಿಟ್ಟಳು.

"ಅಂದ್ರೆ ಇದು ನಿಮ್ಮ ಹತ್ರಾನೇ ಇತ್ತು."

"ಇತ್ತಮ್ಮ."

"ಮತ್ತೆ ಯಾಕೆ ಯಾರಿಗೂ ಕಾಣ್ಲಿಲ್ಲ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಉತ್ತರಕ್ಕೆ ಕಾದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ರೋಗಿಗಳ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಎಕ್ಸ್‌ಎಂಎಲ್ ಎಂಬ ಕ್ರಮದಲ್ಲಿ ಹಾಕಿದೆವು. ಪ್ರತಿ ಮಾತಿಗೂ ಒಂದು ಹೆಸರಿನ ಚೀಟಿ ಅಂಟಿಸುವ ಕ್ರಮ ಅದು: ಇದು ರೋಗ, ಇದು ಔಷಧಿ, ಇದು ಆಗದ ಔಷಧಿ. ಅಂಥ ಹಾಳೆಗಳಿಗೆಂದೇ ಮಾಡಿದ ಡೇಟಾಬೇಸ್ ಇದೆ. ಹೆಸರು ಕೊಟ್ಟು "ಆಗದ್ದೇನು?" ಎಂದರೆ ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಹಾಳೆ ಜಾಲಾಡಿ ತೋರಿಸುತ್ತದೆ. ಮಾರುವವರು ಹೇಳಿದ ಲೈಸೆನ್ಸ್ ಬೆಲೆ ಕೇಳಿ ಮ್ಯಾನೇಜರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಮೂರು ಜನ ನರ್ಸ್‌ಗಳ ಸಂಬಳ ಕಣಯ್ಯಾ! ಅದೂ ವರ್ಷಾ ವರ್ಷಾ! ಕೊಂಡ್ಕೊಂಡ ಮೇಲೂ ಬಾಡಿಗೆನಾ? ಸುಮ್ನೆ ಫೋಲ್ಡರಲ್ಲಿ ಇಟ್ರೆ ಏನಾಗುತ್ತೆ?"

"ಖರ್ಚಿಲ್ಲ ಸಾರ್. ಹುಡುಕೋದು ಸ್ವಲ್ಪ ನಿಧಾನ."

"ನಿಧಾನ ಅಷ್ಟೇ ತಾನೆ?"

"ಅಷ್ಟೇ ಸಾರ್."

ಹಾಳೆಗಳನ್ನು ವರ್ಷವಾರು ಫೋಲ್ಡರಿಗೆ ತುಂಬಿದೆ. ಮೇಲೊಂದು ಚಿಕ್ಕ ಪಟ್ಟಿ ಮಾಡಿದೆ: ಹೆಸರು, ವಯಸ್ಸು, ರಕ್ತದ ಗುಂಪು, ಕೊನೆಯ ಭೇಟಿ. ನಿಮಗೆ ವಾರ್ಡಿನಲ್ಲಿ ಕಾಣುತ್ತಿದ್ದುದು ಅದೊಂದೇ. ಆಗದ ಔಷಧಿ ಕೆಲವರಿಗೆ ಒಂದೂ ಇರುವುದಿಲ್ಲ, ಕೆಲವರಿಗೆ ಐದಿರುತ್ತವೆ. ಪಟ್ಟಿಯ ಒಂದು ಚೌಕದಲ್ಲಿ ಅವು ಹಿಡಿಯಲಿಲ್ಲ, ಬಿಟ್ಟುಬಿಟ್ಟೆ. ಬೇಕಾದವರು ಫೋಲ್ಡರು ತೆರೆದು ನೋಡಲಿ ಎಂದುಕೊಂಡೆ. ಕಣ್ಣೆದುರು ಜೀವ ಜಾರುತ್ತಿರುವಾಗ ಹಳೆಯ ಹನ್ನೊಂದು ಹಾಳೆ ಯಾರು ತೆರೆಯುತ್ತಾರೆ?

ಅಕ್ಕ, ಜಿಪುಣತನದಿಂದ ಹೀಗಾಯಿತು ಎಂದು ಎಲ್ಲರೂ ಮ್ಯಾನೇಜರನ್ನು ಬೈಯುತ್ತಾರೆ. ಪಾಪ, ಲೈಸೆನ್ಸ್ ಹಣವೇ ಬೇಡದ ಡೇಟಾಬೇಸ್ ಒಂದಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು. ಕಲಿಯಲು ಮೂರು ತಿಂಗಳು ಬೇಕಿತ್ತು. ಹೇಳಿದರೆ ಹೊರೆ ನನ್ನ ತಲೆಗೇ ಎಂದು ಬಾಯಿ ಹೊಲಿದುಕೊಂಡೆ. ಸೋಮಾರಿತನಕ್ಕೆ ಲೈಸೆನ್ಸಿನ ಬೆಲೆ ಒಳ್ಳೆಯ ಮುಸುಕಾಯಿತು.

"ಇಷ್ಟನ್ನೂ ಬರ್ದು ಕೊಡ್ತೀರಾ?" ಎಂದಳು ಹುಡುಗಿ. ಬರೆದು ಸಹಿ ಹಾಕಿ ಕೊಟ್ಟೆ. ಅದರದೊಂದು ಪ್ರತಿ ಈ ಕಾಗದದ ಜೊತೆಗಿದೆ. ಯಾರಿಗೆ ತೋರಿಸಬೇಕೋ ತೋರಿಸಿ. ಮಧ್ಯಾಹ್ನ ಮ್ಯಾನೇಜರ್ ಕರೆದಿದ್ದಾರೆ. ನನ್ನ ಕೆಲಸ ಉಳಿಯುವುದಿಲ್ಲ, ಉಳಿಯಲೂ ಬಾರದು.

ನಿಮ್ಮ ಕೈ ಮತ್ತೆ ರೋಗಿಯ ನಾಡಿ ಹಿಡಿಯುವಂತಾಗಲಿ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮಾಮನ ಆಶೀರ್ವಾದ.

ಇಂತಿ,
ನಿಮ್ಮ ಕಂಪ್ಯೂಟರಪ್ಪ

ತಾ.ಕ.: ವಿಚಾರಣೆಯ ವರದಿಯಲ್ಲಿ "ಪೂರ್ತಿ ಹಾಳೆ ತೆರೆಯಲು ಅರ್ಧ ನಿಮಿಷ ಸಾಕು, ನರ್ಸ್ ತೆರೆಯಲಿಲ್ಲ" ಎಂದಿದೆಯಲ್ಲ, ನಿಮ್ಮ ಕೆಲಸ ಹೋದದ್ದೇ ಆ ಮಾತಿನಿಂದ. ಅದು ಮ್ಯಾನೇಜರ್ ಹೇಳಿದ್ದೆಂದು ನೀವು ನಂಬಿದ್ದೀರಿ. ಹೊರಡುವ ದಿನ ನನ್ನ ಭುಜ ತಟ್ಟಿ, "ನೀನೊಬ್ನೇ ಕಣೋ ನನ್ನ ಪರ ಇದ್ದಿದ್ದು" ಎಂದಿರಿ. ಹೇಳಿದವನು ನಾನು. ಹುಡುಗಿಗೆ ಕೊಟ್ಟ ಹಾಳೆಯಲ್ಲಿ ಇದನ್ನು ಬರೆಯುವ ಧೈರ್ಯ ಬರಲಿಲ್ಲ. ನಿಮ್ಮ ಪ್ರತಿಯ ಕೊನೆಯಲ್ಲಿ ಬರೆದು ಇನ್ನೊಂದು ಸಹಿ ಹಾಕಿದ್ದೇನೆ. ವಿಚಾರಣೆಗೆ ಹೋಗುವ ಮೊದಲು ನಿಮ್ಮ ವಾರ್ಡಿನ ಕಂಪ್ಯೂಟರಿನಲ್ಲೇ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಆ ಹಾಳೆ ತೆರೆದು ನೋಡಿದ್ದೆ. ನಾಲ್ಕೂವರೆ ನಿಮಿಷ ಹಿಡಿದಿತ್ತು.