ಕೈ ಎತ್ತಿ ಕೇಳಬೇಕಿಲ್ಲ

ನವೆಂಬರ್ ೧೨, ಮಂಗಳವಾರ

ಪ್ರೀತಿಯ ರಾಂಗ್ ನಂಬರ್,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಫೋನ್ ಮಾಡಿದರೆ ಮೂರನೆಯ ಮಾತಿಗೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲು ನಿನ್ನಿಂದಲೂ ಆಗದು. ಎರಡು ಬೀದಿ ಆಚೆ ಇರುವವಳಿಗೆ ಅಂಚೆಚೀಟಿ ಹಚ್ಚಿ ಕಳಿಸುವ ಹುಚ್ಚಿ ನಾನೊಬ್ಬಳೇ ಇರಬೇಕು.

ಮಂಡಿನೋವು ಹೇಗಿದೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಅರ್ಧ ಆಯುಷ್ಯ ಊರಿನವರ ಧ್ವನಿ ಕೇಳಿದವರು. ಯಾರು ನಿಜವಾಗಿ ಅಳುತ್ತಿದ್ದಾರೆ, ಯಾರು ನಾಟಕ ಆಡುತ್ತಿದ್ದಾರೆ ಎಂದು ಹಲೋ ಅನ್ನುವಾಗಲೇ ನನಗೆ ತಿಳಿಯುತ್ತಿತ್ತು. ನಿನ್ನ ಮಂಡಿಯನ್ನು ಮಾತ್ರ ಪ್ರಶ್ನೆ ಮಾಡದೆ ನಂಬಿದ್ದೇನೆ. ಆದರೆ ಮೊನ್ನೆ ನಿನ್ನ ಸೊಸೆ ಔಷಧಿ ಅಂಗಡಿಯಲ್ಲಿ ಸಿಕ್ಕಳು. ಅತ್ತೆ ಬೇಸಿಗೆಯಿಂದ ಹೊಸ್ತಿಲು ದಾಟಿಲ್ಲ, ನೀರು ಕುಡೀರಿ ಅಂದ್ರೆ ಎರಡು ಗುಟುಕು ಕುಡಿದು ಲೋಟ ಇಟ್ಬಿಡ್ತಾರೆ, ಡಾಕ್ಟರು ಬೈದ್ರೂ ಅಷ್ಟೇ ಅಂದಳು. ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು ಕಣೇ. ನನ್ನ ಲೈನು ಎಂದೂ ಖಾಲಿ ಇರುವುದಿಲ್ಲವೆಂದು ನನಗೆ ಎಂಗೇಜ್ ಅಂತ ಹೆಸರಿಟ್ಟವಳು ನೀನೇ. ಈಗ ಪಾರ್ಕಿನಲ್ಲಿ ಕೇಳುವವರಿಲ್ಲದೆ ನನ್ನ ಬಾಯಿಗೆ ತುಕ್ಕು ಹಿಡಿದಿದೆ.

ಇರಲಿ, ಪೇಟೆಯ ಸುದ್ದಿ ಕೇಳು. ವಯಸ್ಸಾದವರು ಈ ಕಡೆ ಬರುವುದೇ ಕಡಿಮೆಯಾಗಿದೆ, ಏನಾದರೂ ಮಾಡೋಣ ಎಂದು ಲೈಬ್ರರಿಯ ಮೇಡಂ ಸಭೆ ಕರೆದರು. ಅಂಗಡಿಯವರು ಬಂದರು, ನಮ್ಮಂಥ ತಲೆ ನರೆತವರೂ ಬಂದೆವು. ಮೊದಲು ಬೆಂಚು ಹಾಕಿಸೋಣ ಎಂದರು. ಬೆಂಚಿಗೆ ಯಾವ ಬಣ್ಣ ಎಂಬುದಕ್ಕೇ ದೊಡ್ಡ ಜಗಳ. ಆಮೇಲೆ ಹೂಕುಂಡದ ಮಾತು ಬಂತು. ನಿಜವಾದ ವಿಷಯ ಎತ್ತುವ ಧೈರ್ಯ ಒಬ್ಬರಿಗೂ ಇಲ್ಲ.

ನಾನೇ ಎದ್ದು ನಿಂತೆ. ಹೂಕುಂಡ ಹಾಗಿರಲಿ, ಈ ಪೇಟೇಲಿ ಕಕ್ಕಸು ಎಲ್ಲಿದೆ ಹೇಳಿ ನೋಡೋಣ ಅಂದೆ. ಬೇಸಿಗೆಯಲ್ಲಿ ಪೋಸ್ಟಾಫೀಸಿನ ಸಾಲಿನಲ್ಲಿ ನನಗೆ ತಡೆಯಲಾಗಲಿಲ್ಲ, ನಿಂತಲ್ಲೇ ಬಟ್ಟೆ ಒದ್ದೆಯಾಯಿತು, ಕೈಚೀಲವನ್ನು ಹಿಂದೆ ಅಡ್ಡ ಹಿಡಿದುಕೊಂಡು ಗೋಡೆ ಬದಿಯಲ್ಲೇ ಮನೆ ಸೇರಿದೆ ಎಂದು ಎಲ್ಲರೆದುರು ಹೇಳಿಬಿಟ್ಟೆ.

ಎಲ್ಲರೂ ನೆಲ ನೋಡಿದರು. ಆಗ ಗಣಿತದ ಮೇಷ್ಟ್ರು, ಅದೇ ಇಸ್ತ್ರಿ ಅಂಗಿಯ ಗತ್ತಿನ ಮನುಷ್ಯ, ನನಗೂ ಆಗಿದೆ, ಅದಕ್ಕೇ ನಾನು ಬಸ್ಸು ಹತ್ತೋದು ಬಿಟ್ಟೆ ಅಂದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ತಮ್ಮ ಅಂಗಡಿಯ ಕಕ್ಕಸನ್ನೇ ನಮಗೂ ಬಿಟ್ಟುಕೊಡಲು ಅಂಗಡಿಯವರು ಒಪ್ಪಿದರು. ಬೇಕರಿಯವನು ಮಾತ್ರ, ನಮ್ಮ ಗಿರಾಕಿಗಳಿಗೇ ಸಾಲಲ್ಲ, ಅಂಗಡಿ ಏನು ಛತ್ರನಾ ಎಂದು ಗೊಣಗಿದ. ಅವನ ಹೆಂಡತಿ ಒಮ್ಮೆ ಅವನ ಕಡೆ ತಿರುಗಿ ನೋಡಿದಳು, ಅವನೂ ಸರಿ ಅಂದುಬಿಟ್ಟ. ಮೂರೂ ಬಿಟ್ಟವರು ಊರಿಗೆ ದೊಡ್ಡವರಂತೆ. ಅವತ್ತಿನಿಂದ ಪೇಟೆಯಲ್ಲಿ ನನಗೆ ಭಾರಿ ಮರ್ಯಾದೆ.

ಮೊದಲು ಮಾಡಿದ್ದು ಶುದ್ಧ ದಡ್ಡತನ. ಹಿರಿಯರಿಗೆ ಶೌಚಾಲಯ ಎಂದು ದಪ್ಪಕ್ಷರದ ಬೋರ್ಡು, ಪಕ್ಕದಲ್ಲಿ ಬಾಣದ ಗುರುತು. ಕೀಲಿಕೈ ಗಲ್ಲಾದವನ ಹತ್ತಿರ. ವಾರ ಕಳೆದರೂ ಒಂದು ನರಪಿಳ್ಳೆಯೂ ಒಳಗೆ ಕಾಲಿಡಲಿಲ್ಲ. ಇಡೀ ಬೀದಿ ನೋಡುತ್ತಿರುವಾಗ ಆ ಬಾಣದ ಹಿಂದೆ ಹೋಗುವ ಎದೆಗಾರಿಕೆ ಯಾರಿಗಿದೆ?

ಆಗ ನನಗೆ ಎಕ್ಸ್‌ಚೇಂಜಿನ ನಮ್ಮ ಸೂಪರ್‌ವೈಸರ್ ನೆನಪಾದಳು. ಕಕ್ಕಸಿಗೆ ಏಳಬೇಕೆಂದರೆ ಕೈ ಎತ್ತಬೇಕು, ಆಕೆ ತಲೆಯಾಡಿಸಬೇಕು. ನೀನು ಎತ್ತಿದ ಕೈ ಹಾಗೇ ಇರುತ್ತಿತ್ತು, ಆಕೆ ಬೇಕೆಂದೇ ಗಡಿಯಾರ ನೋಡುತ್ತಿದ್ದಳು. ಕೊನೆಗೆ ಕೇಳುವ ಗೋಳೇ ಬೇಡವೆಂದು ನಾವಿಬ್ಬರೂ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಈ ವಯಸ್ಸಿನಲ್ಲೂ ಕೈ ಎತ್ತಿ ಕೇಳಬೇಕಾ ಎಂದು ಸಭೆಯಲ್ಲಿ ಜಗಳಕ್ಕೇ ನಿಂತೆ.

ಈಗ ಬೋರ್ಡೂ ಇಲ್ಲ, ಕೀಲಿಕೈಯೂ ಇಲ್ಲ. ಅಂಗಡಿಯ ಗಾಜಿನ ಮೇಲೆ ತಟ್ಟೆಯಗಲದ ಹಳದಿ ವೃತ್ತ, ಅಷ್ಟೇ. ಅದು ಕಂಡರೆ ನೇರ ಒಳಗೆ ಹೋಗುವುದು. ಏನೂ ಕೊಳ್ಳಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ಅಂಗಡಿಯವರು ತಲೆ ಎತ್ತಿ ನೋಡುವಂತಿಲ್ಲ. ನೋಡಿದವರು ಬ್ರೆಡ್ಡಿಗೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಕೂತು ಏಳಲು ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ಎತ್ತರ ಸರಿಯಿದೆಯೇ ಎಂದು ಬಡಗಿಯು ಗಣಿತದ ಮೇಷ್ಟ್ರನ್ನೇ ಇಸ್ತ್ರಿ ಬಟ್ಟೆಯ ಸಮೇತ ಕೂರಿಸಿ, ಏಳಿಸಿ, ಮತ್ತೆ ಕೂರಿಸಿ ನೋಡಿದ. ಅವರು ಈಗ ಮತ್ತೆ ಬಸ್ಸು ಹತ್ತುತ್ತಿದ್ದಾರೆ. ನಿಮ್ಮ ಬೀದಿಯ ತಿರುವಿನಿಂದ ಪೋಸ್ಟಾಫೀಸಿನವರೆಗೆ ಎಲ್ಲಿ ನಿಂತರೂ ಒಂದು ಹಳದಿ ವೃತ್ತ ಕಣ್ಣಿಗೆ ಬೀಳುತ್ತದೆ. ಹಾಗೇ ಬೀಳಬೇಕೆಂದು ನಾನೇ ನಡೆದು ನೋಡಿ ಅಂಟಿಸಿದೆ.

ಗುರುವಾರ ಬೆಳಿಗ್ಗೆ ನಿಮ್ಮ ಗೇಟಿನ ಹತ್ತಿರ ಬರುತ್ತೇನೆ. ಮಂಡಿ ನೋಯುತ್ತಿದ್ದರೆ ನಿಧಾನಕ್ಕೆ ನಡೆಯೋಣ. ಹೊರಡುವ ಮೊದಲು ತುಂಬಿದ ಲೋಟ ನೀರು ಕುಡಿದಿರಬೇಕು. ಸೊಸೆಯನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ, ಹುಷಾರ್.

ನಿನ್ನ ದಾರಿ ಕಾಯುವ,
ಎಂಗೇಜ್

ತಾ.ಕ.: ಇಷ್ಟಕ್ಕೇ ಮುಗಿಸಿ ಲಕೋಟೆ ಅಂಟಿಸಿದ್ದೆ. ಮನಸ್ಸು ಒಪ್ಪದೆ ಬಿಚ್ಚಿದೆ. ಅವತ್ತು ಪೋಸ್ಟಾಫೀಸಿನಲ್ಲಿ ನನಗೇನೂ ಆಗಿರಲಿಲ್ಲ. ಸಾಲಿನಲ್ಲಿ ನಾನು ನಿನ್ನ ಹಿಂದೆಯೇ ಇದ್ದೆ. ನೀನು ಕೈಚೀಲವನ್ನು ಹಿಂದೆ ಅಡ್ಡ ಹಿಡಿದು ತಿರುಗದೆ ಹೊರಟಾಗ ಕರೆಯಬೇಕೆನ್ನಿಸಿತು, ಕರೆದರೆ ನೀನು ಸತ್ತೇ ಹೋಗುತ್ತೀಯ ಎಂದು ಸುಮ್ಮನಾದೆ. ನನ್ನ ನೀರಿನ ಬಾಟಲಿಯನ್ನು ಆ ನೆಲದ ಮೇಲೆ ಸುರಿದು, ಅಯ್ಯೋ ಚೆಲ್ಲಿಬಿಟ್ಟೆನಲ್ಲಾ ಎಂದು ಕೂಗಾಡಿ ರಂಪ ಮಾಡಿದೆ. ನಿನ್ನನ್ನು ಕಂಡವರು ಯಾರೂ ಇಲ್ಲ. ಪೇಟೆಗೆಲ್ಲ ಗೊತ್ತಿರುವಂತೆ ಅವತ್ತು ಒದ್ದೆಯಾದವಳು ನಾನು. ಅದು ಇನ್ನು ನನ್ನದು, ವಾಪಸು ಕೇಳಬೇಡ. ನೀನು ಬಾ.